ಟೇಲರ್‌ನ ಸ್ಟಾಪ್‌ವಾಚ್: ಪಠ್ಯಪುಸ್ತಕ ಬಿಟ್ಟುಬಿಡುವ ಭಾಗ ಯಾವುದು?

(ಒಂದು ಚರ್ಚಾವೇದಿಕೆಯ ಮಾತುಕತೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಕಂದೀಲು

ಪದವಿ ಕಾಲೇಜಿನಲ್ಲಿ ನಿರ್ವಹಣಾಶಾಸ್ತ್ರ ಕಲಿಸುತ್ತೇನೆ. ‘ವೈಜ್ಞಾನಿಕ ನಿರ್ವಹಣೆ’ ಅಧ್ಯಾಯಕ್ಕೆ ಬಂದಾಗಲೆಲ್ಲ ಅದೇ ಕಥೆ. 1899ರ ಅಮೆರಿಕ, ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆ. ಒಂದೊಂದೂ ಸುಮಾರು 92 ಪೌಂಡ್, ಅಂದರೆ 42 ಕಿಲೋ ತೂಗುವ ಬೀಡುಕಬ್ಬಿಣದ ಗಟ್ಟಿಗಳನ್ನು ಎತ್ತಿಕೊಂಡು, ಓರೆ ಹಲಗೆ ಹತ್ತಿ, ರೈಲು ವ್ಯಾಗನ್ನಿಗೆ ಹಾಕುವ ಕೂಲಿಗಳು. ದಿನಕ್ಕೆ ತಲಾ 12.5 ಟನ್ ಹೊರುತ್ತಿದ್ದರು. ಫ್ರೆಡರಿಕ್ ವಿನ್‌ಸ್ಲೋ ಟೇಲರ್ ಎಂಬ ಎಂಜಿನಿಯರ್ ಬಂದು ಶ್ಮಿಟ್ ಎಂಬೊಬ್ಬನನ್ನು ಆರಿಸಿದ. ಯಾವಾಗ ಎತ್ತಬೇಕು, ಯಾವಾಗ ಕುಳಿತು ದಣಿವಾರಿಸಿಕೊಳ್ಳಬೇಕು ಎಂದು ಗಡಿಯಾರ ಹಿಡಿದು ಹೇಳಿಸಿದ. ಸಂಜೆಗೆ 47.5 ಟನ್ ಆಗಿತ್ತು. ಕೂಲಿ 1.15 ಡಾಲರ್‌ನಿಂದ 1.85 ಡಾಲರ್‌ಗೆ ಏರಿತು. ಮಾಲೀಕನಿಗೂ ಲಾಭ, ಕೂಲಿಗೂ ಲಾಭ, ಮುಂದಿನ ಪುಟ ತಿರುಗಿಸಿ.

ಈ ಸಲ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಕೆಲಸ ನಾಲ್ಕು ಪಟ್ಟು ಹತ್ತಿರ, ಕೂಲಿ ಒಂದೂವರೆ ಪಟ್ಟು. ಮಿಕ್ಕದ್ದು ಯಾರ ಜೇಬಿಗೆ ಹೋಯಿತು?” ಎಂದಳು. ನ್ಯಾಯವಾದ ಪ್ರಶ್ನೆ. ಈ ಕಥೆ ಎಷ್ಟರ ಮಟ್ಟಿಗೆ ನಿಜ, ಆಗಿನ ಕಾರ್ಮಿಕರು ಇದಕ್ಕೆ ಏನೆಂದರು ಎಂಬುದನ್ನು ಓದಿಕೊಂಡವರು ಯಾರಾದರೂ ತಿಳಿಸಿ.

ತಕ್ಕಡಿ

ನಿಮ್ಮ ವಿದ್ಯಾರ್ಥಿನಿ ಕೇಳಿದ್ದನ್ನು 1911ರಲ್ಲೇ ಕೇಳಿದವನು ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್. ಟೇಲರ್‌ನ ಬರಹ ಪತ್ರಿಕೆಯಲ್ಲಿ ಬಂದ ಕೂಡಲೇ ಇದೇ ಲೆಕ್ಕ ಹಾಕಿ ಸಂಪಾದಕರಿಗೆ ಪತ್ರ ಬರೆದ. ನೀವೂ ಹಾಕಿ ನೋಡಿ: ಮೊದಲು ಒಂದು ಟನ್ ಹೊರಿಸಲು ಕಂಪನಿಗೆ ಕೂಲಿಯ ಬಾಬತ್ತಿನಲ್ಲಿ 9.2 ಸೆಂಟ್ ಖರ್ಚು, ಆಮೇಲೆ 3.9 ಸೆಂಟ್. ಮಿಕ್ಕದ್ದು ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ಇದರಲ್ಲೇ ಇದೆ. ಟೇಲರ್ ಕೊಟ್ಟ ಸಮಾಧಾನವೆಂದರೆ ಉಳಿತಾಯದ ಕೊನೆಯ ಫಲ ಅಗ್ಗದ ಸರಕಿನ ರೂಪದಲ್ಲಿ ಇಡೀ ಸಮಾಜಕ್ಕೆ ಸೇರುತ್ತದೆ ಎಂಬುದು. ಕಬ್ಬಿಣ ಹೊತ್ತವನ ಬೆನ್ನಿಗೆ ಅದರಿಂದ ಏನಾಗಬೇಕು!

ಕಥೆಯ ನಿಜಾಂಶ ಇನ್ನೂ ಸ್ವಾರಸ್ಯವಾಗಿದೆ. ಶ್ಮಿಟ್ ಎಂಬುದು ಇಟ್ಟ ಹೆಸರು. ಆ ಮನುಷ್ಯ ಹೆನ್ರಿ ನೋಲ್. ರೆಗಿ ಮತ್ತು ಪೆರೋನಿ ಎಂಬ ಇಬ್ಬರು ಸಂಶೋಧಕರು ಹಳೆಯ ದಾಖಲೆಗಳನ್ನು ಕೆದಕಿ 1974ರಲ್ಲಿ ತೋರಿಸಿದಂತೆ, ಟೇಲರ್ ಹೇಳಿದ ಸಂಭಾಷಣೆ, ಆಯ್ಕೆ, ತರಬೇತಿಯ ಬಹುಭಾಗ ಆಮೇಲೆ ಹೆಣೆದದ್ದು. ನಡೆದದ್ದೇನೆಂದರೆ, ಟೇಲರ್‌ನ ಸಹಾಯಕರು ಹತ್ತು ಮಂದಿ ಗಟ್ಟಿಮುಟ್ಟಾದ ಹಂಗೇರಿಯನ್ನರನ್ನು ಆರಿಸಿ, ಸ್ವಲ್ಪ ಹೊತ್ತು ಆದಷ್ಟೂ ವೇಗವಾಗಿ ಹೊರಿಸಿದರು. ಅದೇ ವೇಗವನ್ನು ಇಡೀ ದಿನಕ್ಕೆ ಗುಣಿಸಿದರೆ ತಲಾ 75 ಟನ್ ಬಂತು. ದಣಿವು, ತಡ ಎಂದು ಶೇ 40 ಕಳೆದರು, 45 ಆಯಿತು. ಈ 40 ಎಲ್ಲಿಂದ ಬಂತು ಎಂಬುದಕ್ಕೆ ಆಧಾರವಿಲ್ಲ. ವೈಜ್ಞಾನಿಕ ಎಂಬ ಪದದ ಬುಡದಲ್ಲೇ ಒಂದು ಅಂದಾಜು ಕುಳಿತಿದೆ. ಆ ಹತ್ತು ಮಂದಿ ಹೊಸ ದರಕ್ಕೆ ಹೊರಲು ಒಪ್ಪಲಿಲ್ಲ. ಅವರನ್ನು ಕೆಲಸದಿಂದ ತೆಗೆದರು. ಪಠ್ಯಪುಸ್ತಕದಲ್ಲಿ ಈ ಹತ್ತು ಮಂದಿ ಎಲ್ಲಿದ್ದಾರೆ?

ಇಂಥ ಕೆಲಸಕ್ಕೆ ತಕ್ಕವನು ಮನೋಧರ್ಮದಲ್ಲಿ ಎತ್ತನ್ನು ಹೋಲುವಷ್ಟು ಮಂದನಾಗಿರಬೇಕು ಎಂದು ಟೇಲರ್ ಅದೇ ಬರಹದಲ್ಲಿ ಬರೆದಿದ್ದಾನೆ. ಇದನ್ನೂ ತರಗತಿಯಲ್ಲಿ ಓದಿ ಹೇಳಿ.

ಟೂಲ್‌ರೂಮ್

ಟೇಲರ್‌ನನ್ನು ಬರೀ ಗಡಿಯಾರದವನೆಂದು ಬೈಯುವವರಿಗೆ ಲೇತ್ ಯಂತ್ರದಲ್ಲಿ ಲೋಹ ಕಡೆಯುತ್ತಿದ್ದ ನಿವೃತ್ತ ಟರ್ನರ್ ಒಬ್ಬನ ತಕರಾರು. ನಾನು ಬದುಕೆಲ್ಲ ಕೈಯಲ್ಲಿ ಹಿಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್, ಅತಿ ವೇಗದಲ್ಲಿ ಲೋಹ ಕತ್ತರಿಸುವ ಉಕ್ಕು) ಟೂಲ್ ಆತನ ಕೊಡುಗೆ. ಬೆಥ್ಲೆಹೆಮ್‌ನಲ್ಲಿ ಮೌನ್ಸೆಲ್ ವೈಟ್ ಎಂಬ ಲೋಹಶಾಸ್ತ್ರಜ್ಞನ ಜೊತೆ ಸೇರಿ ಉಕ್ಕಿಗೆ ಶಾಖ ಕೊಡುವ ಹೊಸ ಕ್ರಮ ಕಂಡುಹಿಡಿದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಟೂಲಿನ ಮೂತಿ ಕೆಂಡದಂತೆ ಕಾದಿದ್ದರೂ ಕತ್ತರಿಸುತ್ತಲೇ ಇತ್ತು, ಕತ್ತರಿಸಿದ ಲೋಹದ ಚೂರು ನೀಲಿಗಟ್ಟಿ ಹಾರುತ್ತಿತ್ತು. ಯುರೋಪಿನ ಎಂಜಿನಿಯರುಗಳು ನಂಬದೆ ಬಂದು ನೋಡಿದರು. ಲೋಹ ಕತ್ತರಿಸುವುದರ ಬಗ್ಗೆ ಆತ ನಡೆಸಿದ ಪ್ರಯೋಗಗಳು 26 ವರ್ಷಗಳಷ್ಟು ಉದ್ದ. ವೇಗ ಹೆಚ್ಚಾದರೆ ಟೂಲಿನ ಆಯುಷ್ಯ ಎಷ್ಟು ಕಡಿಮೆಯಾಗುತ್ತದೆ ಎಂಬ ಸೂತ್ರವನ್ನು ಐಟಿಐ, ಡಿಪ್ಲೊಮಾ ಹುಡುಗರು ಇಂದಿಗೂ ಆತನ ಹೆಸರಿನಲ್ಲೇ ಕಲಿಯುತ್ತಾರೆ. ಅದು ವಿಜ್ಞಾನವೇ, ಅನುಮಾನವಿಲ್ಲ.

ಇನ್ನೊಂದು. ಟೇಲರ್ ಮೇಲಿನಿಂದ ಇಳಿದವನಲ್ಲ. ಫಿಲಡೆಲ್ಫಿಯಾದ ಅನುಕೂಲಸ್ಥರ ಮನೆಯ ಹುಡುಗ. ಹಾರ್ವರ್ಡ್ ಪ್ರವೇಶ ಪರೀಕ್ಷೆ ಪಾಸಾದರೂ ಕಣ್ಣಿನ ತೊಂದರೆಯೆಂದು ಬಿಟ್ಟು, ಪ್ಯಾಟರ್ನ್, ಅಂದರೆ ಎರಕದ ಅಚ್ಚಿಗೆ ಬೇಕಾದ ಮಾದರಿ, ಮಾಡುವ ಕೆಲಸಕ್ಕೆ ಅಪ್ರೆಂಟಿಸ್ ಆದವನು. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಸೇರಿ ಲೇತಿನ ಮುಂದೆ ನಿಂತವನು. ಕೆಲಸಗಾರರು ಬೇಕೆಂದೇ ನಿಧಾನಿಸುವುದು ಅವನಿಗೆ ಗೊತ್ತಿದ್ದದ್ದು ಅಲ್ಲಿಂದ. ಗ್ಯಾಂಗ್ ಬಾಸ್ ಆದ ಮೇಲೆ ಎರಡು ಮೂರು ವರ್ಷ ಅದೇ ಗೆಳೆಯರ ಜೊತೆ ಜಗಳ: ಇವನು ವೇಗ ಹೆಚ್ಚಿಸು ಎನ್ನುವುದು, ಅವರು ಯಂತ್ರ ಮುರಿಯುವುದು, ಇವನು ದಂಡ ಹಾಕುವುದು. ಯಾರ ಮುಖ ನೋಡಿದರೂ ಹಗೆತನವೇ ಕಾಣುವ ಆ ಬದುಕು ಭೀಕರವಾಗಿತ್ತು ಎಂದು ಮುಂದೆ ಅವನೇ ಹೇಳಿಕೊಂಡ. ಈ ಜಗಳವನ್ನು ಅಳತೆಯಿಂದ ಬಗೆಹರಿಸಬಹುದು ಎಂದು ಪ್ರಾಮಾಣಿಕವಾಗಿ ನಂಬಿದ್ದ.

ನಿಧಾನಿಸುವುದು ಸೋಮಾರಿತನವೆಂದು ಹೇಳುವವರು ಲೇತಿನ ಹತ್ತಿರ ನಿಂತವರಲ್ಲ. ನಮ್ಮ ಕಾರ್ಖಾನೆಗೆ ವರ್ಕ್ ಸ್ಟಡಿಯವರು ಗಡಿಯಾರ, ಹಲಗೆ ಹಿಡಿದು ಬಂದಾಗ ನಾವೆಲ್ಲ ಫೀಡ್, ಅಂದರೆ ಟೂಲ್ ಮುಂದೆ ಸರಿಯುವ ವೇಗ, ಒಂದು ಮೆಟ್ಟಿಲು ಇಳಿಸುತ್ತಿದ್ದೆವು. ಜಾಬ್ ಅನ್ನು ಚಕ್‌ನಲ್ಲಿ (ಲೇತಿನ ಹಿಡಿಕೆಯಲ್ಲಿ) ಕಟ್ಟಲು ಹೊಸಬನಂತೆ ತಡವರಿಸುತ್ತಿದ್ದೆವು. ಯಾಕೆಂದರೆ ಇವತ್ತು ಮೈಮುರಿದು ದುಡಿದು ಹೆಚ್ಚು ತುಂಡು ತೆಗೆದರೆ ನಾಳೆ ಅದೇ ‘ಸ್ಟ್ಯಾಂಡರ್ಡ್’ ಆಗುತ್ತದೆ. ದರ ಇಳಿಯುತ್ತದೆ, ಕೆಲಸ ಮಾತ್ರ ಏರಿದಲ್ಲೇ ಇರುತ್ತದೆ. ಟೇಲರ್‌ಗೂ ಇದು ಗೊತ್ತಿತ್ತು. 1895ರಲ್ಲಿ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಮಂಡಿಸಿದ ಪ್ರಬಂಧದಲ್ಲಿ, ದರ ಕತ್ತರಿಸುವ ಮಾಲೀಕರೇ ಕಾರ್ಮಿಕರಿಗೆ ನಿಧಾನಿಸುವುದನ್ನು ಕಲಿಸಿದವರು ಎಂಬ ಅರ್ಥದಲ್ಲಿ ವಾದಿಸಿದ್ದಾನೆ. ಒಮ್ಮೆ ಸರಿಯಾಗಿ ಅಳೆದು ಗೊತ್ತುಮಾಡಿದ ದರವನ್ನು ಇಳಿಸಕೂಡದು ಎಂಬುದು ಅವನ ಹಟ. ಮಾಲೀಕರು ಅವನಿಂದ ಗಡಿಯಾರ ತೆಗೆದುಕೊಂಡರು, ಹಟವನ್ನು ಅಲ್ಲೇ ಬಿಟ್ಟರು.

ಪೀಣ್ಯ 2ನೇ ಹಂತ

ಇಪ್ಪತ್ತೆರಡು ಜನರ ಸಣ್ಣ ಘಟಕ ನಡೆಸುತ್ತೇನೆ. ಒಂದು ಬ್ರಾಕೆಟ್ ಮಾಡಲು ಎಷ್ಟು ನಿಮಿಷ ಬೇಕೆಂದು ಗೊತ್ತಿಲ್ಲದೆ ನಾನು ಕೊಟೇಶನ್ ಹೇಗೆ ಕೊಡಲಿ? ಅಳೆಯುವುದೇ ಪಾಪ ಎನ್ನುವಂತೆ ಮಾತನಾಡುತ್ತಿದ್ದೀರಿ. ಟೇಲರ್‌ಗೆ ಮುಂಚೆ ಫೋರ್‌ಮನ್ ಹೇಳಿದ್ದೇ ವೇದವಾಗಿತ್ತು. ಅವನ ಅಳಿಯನಿಗೆ ಹಗುರ ಕೆಲಸ, ಬಾಟಲಿ ತಂದುಕೊಟ್ಟವನಿಗೆ ಓವರ್‌ಟೈಮ್. ಅದಕ್ಕಿಂತ ಗಡಿಯಾರ ಮೇಲಲ್ಲವೇ? ಅದಕ್ಕೆ ಜಾತಿ ಗೊತ್ತಿಲ್ಲ, ನೆಂಟಸ್ತಿಕೆ ಗೊತ್ತಿಲ್ಲ.

ತಕ್ಕಡಿ

ಪೀಣ್ಯದವರೇ, ಗಡಿಯಾರ ತಾನಾಗಿ ಏನನ್ನೂ ಅಳೆಯುವುದಿಲ್ಲ, ಹಿಡಿದವನು ಅಳೆಯುತ್ತಾನೆ. ಅದಕ್ಕೆ ವಾಟರ್‌ಟೌನ್ ಪ್ರಸಂಗ ಹೇಳಬೇಕು. ಸ್ವಲ್ಪ ಉದ್ದವಾಗುತ್ತದೆ.

ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್‌ನಲ್ಲಿ ಅಮೆರಿಕ ಸೇನೆಯ ಶಸ್ತ್ರಾಸ್ತ್ರ ಕಾರ್ಖಾನೆಯಿತ್ತು. ಸೇನೆಯ ಆಯುಧ ವಿಭಾಗದ ಮುಖ್ಯಸ್ಥ ಜನರಲ್ ಕ್ರೋಜಿಯರ್‌ಗೆ ಟೇಲರ್‌ನ ಪದ್ಧತಿ ಹಿಡಿಸಿತು. 1909ರಲ್ಲಿ ಟೇಲರ್‌ನ ಶಿಷ್ಯ ಕಾರ್ಲ್ ಬಾರ್ತ್ ಬಂದ. ಯಂತ್ರಶಾಲೆಯಲ್ಲಿ ಗೊಣಗಾಟವಿದ್ದರೂ ಕೆಲಸ ಸಾಗಿತು. 1911ರ ಆಗಸ್ಟ್‌ನಲ್ಲಿ ಡ್ವೈಟ್ ಮೆರಿಕ್ ಎಂಬವನು ಸ್ಟಾಪ್‌ವಾಚ್ ಹಿಡಿದು ಎರಕದ ಮನೆಗೆ ಕಾಲಿಟ್ಟಾಗ ಸಿಟ್ಟಿನ ಬೆಂಕಿ ಹೊತ್ತಿತು.

ಎರಕದ ಕೆಲಸ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತದೆ. ಮರಳಿನ ಹದ ಕೈಯಲ್ಲಿ ಹಿಂಡಿ ನೋಡಿದರೇ ತಿಳಿಯುವುದು. ಎಷ್ಟು ಬಡಿಯಬೇಕು, ಗಾಳಿ ಹೋಗಲು ಎಲ್ಲಿ ಚುಚ್ಚಬೇಕು ಎಂಬುದು ವರ್ಷಗಟ್ಟಲೆ ಮಾಡಿ ಬಂದದ್ದು. ಮೆರಿಕ್‌ಗೆ ಎರಕದ ಕೆಲಸದ ಅನುಭವ ಹೆಚ್ಚೇನೂ ಇರಲಿಲ್ಲ. ಅವನು ಗಡಿಯಾರ ಹಿಡಿದು ಬರೆದುಕೊಳ್ಳುತ್ತಿದ್ದಾಗ ಪಕ್ಕದಲ್ಲೇ ಒಬ್ಬ ಎರಕಕಾರ ಗುಟ್ಟಾಗಿ ತನ್ನದೇ ಗಡಿಯಾರದಿಂದ ಅಳೆದಿದ್ದ. ಎರಡೂ ಅಳತೆಗಳಿಗೆ ತಾಳೆಯೇ ಆಗಲಿಲ್ಲ. ಅಂದು ರಾತ್ರಿ ಎರಕಕಾರರೆಲ್ಲ ಸೇರಿ ಒಂದು ಅರ್ಜಿ ಬರೆದರು: ಇದು ನಮ್ಮ ಸಹನೆಯ ಕೊನೆ, ಸರ್ಕಾರಕ್ಕೆ ನಮ್ಮ ಕೈಲಾದ ಅತ್ಯುತ್ತಮವನ್ನೇ ಕೊಟ್ಟವರಿಗೆ ಇದು ಅವಮಾನ, ಈ ರೀತಿ ಅಮೆರಿಕದ ತತ್ವಕ್ಕೆ ಒಗ್ಗುವುದಲ್ಲ ಎಂದು. ಅರ್ಜಿಯ ಭಾಷೆಯಲ್ಲಿ ಮಾನದ ಮಾತೇ ಎದ್ದು ಕಾಣುತ್ತದೆ. ಜೋಸೆಫ್ ಕೂನಿ ಎಂಬ ಎರಕಕಾರ ತನ್ನನ್ನು ಅಳೆಯಲು ಬಿಡುವುದಿಲ್ಲ ಎಂದ. ಅವನನ್ನು ಕೆಲಸದಿಂದ ತೆಗೆದರು. ಆಗಸ್ಟ್ 11ರಂದು ಎರಕಕಾರರೆಲ್ಲ ಹೊರಗೆ ನಡೆದರು.

ಮುಷ್ಕರ ಒಂದು ವಾರದಲ್ಲಿ ಮುಗಿಯಿತು. ಪರಿಣಾಮ ಮುಗಿಯಲು ದಶಕಗಳು ಬೇಕಾದವು. ಅಮೆರಿಕ ಸಂಸತ್ತಿನ ಪ್ರತಿನಿಧಿಗಳ ಸಭೆ ತನಿಖಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷ ವಿಲಿಯಂ ವಿಲ್ಸನ್, ಬಾಲ್ಯದಲ್ಲೇ ಕಲ್ಲಿದ್ದಲ ಗಣಿಗಿಳಿದು ದುಡಿದವನು, ಮುಂದೆ 1913ರಲ್ಲಿ ಆ ದೇಶದ ಮೊದಲ ಕಾರ್ಮಿಕ ಸಚಿವನಾದವನು. 1912ರ ಜನವರಿಯಲ್ಲಿ ಟೇಲರ್ ನಾಲ್ಕು ದಿನ ಆ ಸಮಿತಿಯ ಮುಂದೆ ಕುಳಿತು ಪಾಟೀಸವಾಲು ಎದುರಿಸಿದ. 1915ರಲ್ಲಿ ಸೇನೆಯ ಅನುದಾನದ ಮಸೂದೆಗೆ ಒಂದು ಷರತ್ತು ಸೇರಿಸಿದರು: ಈ ಹಣದಲ್ಲಿ ಸ್ಟಾಪ್‌ವಾಚ್ ಹಿಡಿದು ಕೆಲಸಗಾರರನ್ನು ಅಳೆಯುವವರಿಗೆ ಸಂಬಳ ಕೊಡುವಂತಿಲ್ಲ. ಆ ನಿಷೇಧ 1949ರವರೆಗೆ ಮುಂದುವರಿಯಿತು. ಎರಡು ಮಹಾಯುದ್ಧಗಳನ್ನು ಅಮೆರಿಕದ ಸರ್ಕಾರಿ ಶಸ್ತ್ರಾಗಾರಗಳು ಸ್ಟಾಪ್‌ವಾಚ್ ಇಲ್ಲದೆಯೇ ದಾಟಿದವು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಯಾಕೆ ಹೇಳುವುದಿಲ್ಲವೋ.

ಎರಕಕಾರರು ರೇಗಿದ್ದು ವೇಗಕ್ಕಾಗಿ ಮಾತ್ರವಲ್ಲ ಎಂಬುದು ನನ್ನ ವಾದ. ಕಾರ್ಖಾನೆಯ ನೆಲದಲ್ಲಿರುವ ಯೋಚನೆಯ ಕೆಲಸವನ್ನೆಲ್ಲ ಸಾಧ್ಯವಾದಷ್ಟೂ ತೆಗೆದು ಯೋಜನಾ ವಿಭಾಗಕ್ಕೆ ಒಯ್ಯಬೇಕೆಂದು ಟೇಲರ್ 1903ರಲ್ಲೇ ಸ್ಪಷ್ಟವಾಗಿ ಬರೆದಿದ್ದ. ಕುಶಲಕರ್ಮಿಯ ಕೈಯಲ್ಲಿದ್ದದ್ದು ಕಚೇರಿಯ ಕಾಗದಕ್ಕೆ ಹೋದ ಮೇಲೆ ಅವನ ಜಾಗಕ್ಕೆ ಯಾರನ್ನು ಬೇಕಾದರೂ ತಂದು ನಿಲ್ಲಿಸಬಹುದು. ಅವನಿಗೆ ದಕ್ಕಿದ್ದ ಮರ್ಯಾದೆ, ಚೌಕಾಸಿಯ ಬಲ ಎರಡೂ ಆ ತಿಳಿವಳಿಕೆಯ ಮೇಲೆ ನಿಂತಿದ್ದವು.

ಬಾಬಿನ್

ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದಲ್ಲಿದ್ದೇನೆ. ನೀವು ಹೇಳುತ್ತಿರುವ ಸ್ಟಾಪ್‌ವಾಚ್ ನನ್ನ ಕುತ್ತಿಗೆಯಲ್ಲೇ ನೇತಾಡುತ್ತಿದೆ. ಆದ್ದರಿಂದ ಒಳಗಿನ ಲೆಕ್ಕ ಹೇಳುತ್ತೇನೆ.

ಅಂಗಿಯ ಕಾಲರ್ ಕೂರಿಸುವುದು ಒಂದು ಆಪರೇಷನ್, ತೋಳು ಸೇರಿಸುವುದು ಒಂದು, ಕಾಜ ಒಂದು. ಒಂದು ಅಂಗಿಯನ್ನು ಪೂರ್ತಿ ಹೊಲಿಯಬಲ್ಲವರು ಲೈನಿನಲ್ಲಿ ಅನೇಕರಿದ್ದಾರೆ, ಆದರೆ ವರ್ಷಗಟ್ಟಲೆ ಕಾಲರ್ ಒಂದನ್ನೇ ಕೂರಿಸುತ್ತಾರೆ. ಪ್ರತಿ ಆಪರೇಷನ್‌ಗೂ ಒಂದು ಎಸ್‌ಎಎಂ ಇರುತ್ತದೆ, ಅಂದರೆ ಗೊತ್ತುಮಾಡಿದ ನಿಮಿಷ. ಒಬ್ಬರ ಪಕ್ಕ ನಿಂತು ಹಲವು ಪೀಸ್‌ಗಳ ಸಮಯ ತೆಗೆದು ಸರಾಸರಿ ಮಾಡುತ್ತೇನೆ. 30 ಸೆಕೆಂಡ್ ಬಂತೆನ್ನೋಣ. ಇಲ್ಲಿಯವರೆಗೆ ಗಡಿಯಾರದ ಕೆಲಸ.

ಇನ್ನು ಮುಂದೆ ನನ್ನ ಕೆಲಸ. ಅವರು ಸಹಜ ವೇಗದಲ್ಲಿ ಮಾಡಿದರೋ, ಬೇಕೆಂದೇ ನಿಧಾನಿಸಿದರೋ ಎಂದು ನಾನು ‘ರೇಟಿಂಗ್’ ಕೊಡಬೇಕು. ನೂರಕ್ಕೆ ನೂರು ಕೊಟ್ಟರೆ ಅರ್ಧ ನಿಮಿಷವೇ ನಿಲ್ಲುತ್ತದೆ; ಅದಕ್ಕೆ ದಣಿವು, ನೀರು, ಶೌಚ ಎಂದು ಶೇ 15 ಸೇರಿಸಿದರೆ 0.575 ನಿಮಿಷ, ಗಂಟೆಗೆ 104 ಪೀಸ್. ನಿಧಾನಿಸಿದರೆಂದು ಎಂಬತ್ತು ಕೊಟ್ಟರೆ ಅರ್ಧ ನಿಮಿಷದ ಶೇ 80 ಮಾತ್ರ ಲೆಕ್ಕಕ್ಕೆ; ಅದೇ ಶೇ 15 ಸೇರಿಸಿದರೆ 0.46 ನಿಮಿಷ, ಗಂಟೆಗೆ 130. ಅದೇ ಹೆಂಗಸು, ಅದೇ ಮಿಷನ್, ಅದೇ 30 ಸೆಕೆಂಡ್. ನನ್ನ ಪೆನ್ಸಿಲ್ ಎಂಬತ್ತು ಬರೆದರೆ ಎಂಟು ಗಂಟೆಗೆ 200ಕ್ಕೂ ಹೆಚ್ಚು ಪೀಸ್ ಜಾಸ್ತಿ. ಆಮೇಲೆ ಆ ಸಂಖ್ಯೆ ಲೈನಿನ ತುದಿಯ ಬೋರ್ಡ್ ಮೇಲೆ ಗಂಟೆಗೊಮ್ಮೆ ಏರುತ್ತದೆ. ಮುಟ್ಟದಿದ್ದರೆ ಸೂಪರ್‌ವೈಸರ್ ಬಾಯಿಂದ ಬರುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಟಾರ್ಗೆಟ್ ತಪ್ಪುತ್ತದೆಂದು ಮಧ್ಯಾಹ್ನದವರೆಗೆ ನೀರನ್ನೇ ಕುಡಿಯದವರನ್ನು ದಿನವೂ ನೋಡುತ್ತೇನೆ. ಶೇ 15ರಲ್ಲಿ ನೀರು, ಶೌಚ ಕಾಗದದ ಮೇಲಿದೆ.

ಈಗ ಗಡಿಯಾರವೂ ಹಳತಾಯಿತು. ಕೈ ಚಾಚುವುದು, ಹಿಡಿಯುವುದು, ಇಡುವುದು ಎಂದು ಪ್ರತಿ ಚಲನೆಗೂ ಸಾಫ್ಟ್‌ವೇರ್‌ನಲ್ಲಿ ಮೊದಲೇ ಸಮಯ ಕೊಟ್ಟಿರುತ್ತಾರೆ. ಅದರ ಅಳತೆಯ ಒಂದು ಘಟಕವೆಂದರೆ ಗಂಟೆಯ ಒಂದು ಲಕ್ಷದಲ್ಲಿ ಒಂದು ಪಾಲು, 0.036 ಸೆಕೆಂಡ್. ಇಟ್ಟಿಗೆ ಕಟ್ಟುವವನ 18 ಚಲನೆಗಳನ್ನು ಐದಕ್ಕೆ ಇಳಿಸಿದೆನೆಂದು, ಟೇಲರ್ ಕಾಲದಲ್ಲಿ ಕೆಲಸದ ಚಲನೆಗಳನ್ನು ಅಧ್ಯಯನ ಮಾಡಿದ ಫ್ರಾಂಕ್ ಗಿಲ್‌ಬ್ರೆತ್ ಹೇಳಿಕೊಂಡಿದ್ದನಲ್ಲ, ಅವನ ಮರಿಮಕ್ಕಳು ಇವು. ಲೈನಿನಲ್ಲಿ ಯಾರನ್ನೂ ನೋಡದೆಯೇ ನಾನು ಟಾರ್ಗೆಟ್ ಹಾಕಬಹುದು.

ಟೂಲ್‌ರೂಮ್

ಬಾಬಿನ್ ಅವರೇ, ನಾವು ಫೀಡ್ ಇಳಿಸುತ್ತಿದ್ದದ್ದು ನಿಮ್ಮ ಆ ಎಂಬತ್ತಕ್ಕೆ ಹೆದರಿ. ಅವರು ಕಡಿಮೆ ಬರೆಯುತ್ತಾರೆಂದು ನಾವು ನಿಧಾನಿಸುವುದು, ನಾವು ನಿಧಾನಿಸುತ್ತೇವೆಂದು ಅವರು ಕಡಿಮೆ ಬರೆಯುವುದು. ಮಿಡ್‌ವೇಲ್‌ನ ಜಗಳ ಮುಗಿದೇ ಇಲ್ಲ.

ಪೀಣ್ಯ 2ನೇ ಹಂತ

ಸರಿ, ಫೋರ್ಡ್ ಬಗ್ಗೆ ಯಾರೂ ಮಾತನಾಡುತ್ತಿಲ್ಲವೇಕೆ? ದಿನಕ್ಕೆ ಐದು ಡಾಲರ್ ಕೊಟ್ಟವನು ಅವನು. ದಕ್ಷತೆ ಬಂದ ಮೇಲೆ ತಾನೇ ಕೂಲಿ ಏರಿದ್ದು?

ತಕ್ಕಡಿ

ಏರಿತು, ಹೌದು. ಯಾಕೆ ಏರಿತು ಎಂಬುದನ್ನೂ ನೋಡಿ. ಫೋರ್ಡ್‌ನ ಹೈಲ್ಯಾಂಡ್ ಪಾರ್ಕ್ ಕಾರು ಕಾರ್ಖಾನೆಯಲ್ಲಿ 1913ರಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ ಒಂದು ಚಾಸಿ (ಕಾರಿನ ತಳದ ಚೌಕಟ್ಟು) ಜೋಡಿಸುವ ಸಮಯ ಸುಮಾರು ಹನ್ನೆರಡೂವರೆ ಗಂಟೆಯಿಂದ 93 ನಿಮಿಷಕ್ಕೆ ಇಳಿಯಿತು. ಅದೇ ವರ್ಷ ಕಾರ್ಮಿಕರು ಬಿಟ್ಟುಹೋಗುವ ಪ್ರಮಾಣ ಶೇ 370. ನೂರು ಜಾಗ ತುಂಬಿಸಿಟ್ಟುಕೊಳ್ಳಲು ವರ್ಷಕ್ಕೆ 370 ಮಂದಿಯನ್ನು ಸೇರಿಸಿಕೊಳ್ಳಬೇಕು. ಯಾರಿಗೂ ಆ ಸಾಲಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. 1914ರ ಜನವರಿ 5ರಂದು ಐದು ಡಾಲರ್ ಘೋಷಣೆಯಾದದ್ದು ಆ ಹಿನ್ನೆಲೆಯಲ್ಲಿ. ಅದರಲ್ಲೂ ಅರ್ಧದಷ್ಟು ‘ಲಾಭದ ಪಾಲು’. ಅದು ಸಿಗಬೇಕಾದರೆ ಕಂಪನಿಯ ತನಿಖೆದಾರರು ಮನೆಗೇ ಬಂದು, ಕುಡಿಯುತ್ತೀಯಾ, ಉಳಿಸುತ್ತೀಯಾ, ಮನೆ ಚೊಕ್ಕವಾಗಿದೆಯೇ ಎಂದು ನೋಡಿ ಒಪ್ಪಬೇಕು. ಬೆಥ್ಲೆಹೆಮ್‌ನ ಆ ಹತ್ತು ಮಂದಿಯಂತೆ ಇವರೂ ಒಪ್ಪಲಿಲ್ಲ, ಕೆಲಸ ಬಿಟ್ಟು ನಡೆದರು. ವ್ಯತ್ಯಾಸವೆಂದರೆ ಇವರ ಸಂಖ್ಯೆ ದೊಡ್ಡದಿತ್ತು.

ನೆರಳು

ಬಂಡವಾಳಶಾಹಿಯ ಮೇಲಷ್ಟೇ ಗೂಬೆ ಕೂರಿಸಬೇಡಿ. ಟೇಲರ್ ಪದ್ಧತಿ ಎಂದರೆ ಯಂತ್ರಕ್ಕೆ ಮನುಷ್ಯನ ಗುಲಾಮಗಿರಿ ಎಂದು 1914ರಲ್ಲಿ ಬರೆದ ಲೆನಿನ್, 1918ರಲ್ಲಿ ಅಧಿಕಾರದಲ್ಲಿದ್ದಾಗ ಅದನ್ನು ರಷ್ಯಾದಲ್ಲಿ ಅಧ್ಯಯನ ಮಾಡಿ ಕಲಿಸಬೇಕು ಎಂದ. ಉತ್ಪಾದನೆಯ ಹೊಣೆ ಹೆಗಲಿಗೆ ಬಂದವರೆಲ್ಲ ಗಡಿಯಾರ ಕೊಳ್ಳುತ್ತಾರೆ.

ನಮ್ಮ ದೇಶಕ್ಕೂ ಇದು ಬಂದದ್ದು ಇಂದು ನಿನ್ನೆಯಲ್ಲ. 1928ರಲ್ಲಿ ಮುಂಬೈಯ ಹತ್ತಿ ಗಿರಣಿಗಳ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮುಷ್ಕರ ಹೂಡಿದರು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರ ಮೂರು ನೋಡಿಕೊಳ್ಳಬೇಕು ಎಂಬಂಥ ‘ದಕ್ಷತೆ’ಯ ಯೋಜನೆಗಳು ಆ ಸಿಟ್ಟಿನ ಮುಖ್ಯ ಕಾರಣಗಳಲ್ಲೊಂದು.

ಬಾಬಿನ್

ತಕ್ಕಡಿಯವರಿಗೆ ಒಂದು ಪ್ರಶ್ನೆ. ಅಳತೆಯೇ ಬೇಡ ಎನ್ನುವುದು ನನ್ನ ಅನ್ನದ ಪ್ರಶ್ನೆ, ಬಿಡಿ. ಅಳತೆಯಲ್ಲಿ ಹೊಲಿಯುವವರಿಗೂ ಪಾಲು ಇದ್ದ ಉದಾಹರಣೆ ಎಲ್ಲಾದರೂ ಇದೆಯೇ?

ತಕ್ಕಡಿ

ಇದೆ, ಅದೂ ನಿಮ್ಮದೇ ಉದ್ಯಮದಲ್ಲಿ. ಒಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ 1919ರ ನಂತರ ಮಹಿಳೆಯರ ಉಡುಪು ಹೊಲಿಯುವವರ ಸಂಘ ಮತ್ತು ಮಾಲೀಕರು ಒಪ್ಪಂದ ಮಾಡಿಕೊಂಡು ಸಮಯದ ಮಾನದಂಡಗಳನ್ನು ಜಂಟಿಯಾಗಿ ನಿಗದಿ ಮಾಡಿಸಿದರು. ಎಂಜಿನಿಯರುಗಳು ಎರಡೂ ಕಡೆಗೆ ಉತ್ತರ ಹೇಳಬೇಕಿತ್ತು. ಅದಕ್ಕೆ ಪ್ರತಿಯಾಗಿ ವರ್ಷದಲ್ಲಿ ಇಷ್ಟು ವಾರ ಕೆಲಸ ಖಚಿತ ಎಂಬ ಭರವಸೆಯನ್ನೂ ಸಂಘ ಪಡೆಯಿತು. ಹತ್ತು ವರ್ಷಕ್ಕೂ ಹೆಚ್ಚು ನಡೆದು, 1930ರ ದಶಕದ ಆರ್ಥಿಕ ಮಹಾಕುಸಿತದ ಹೊಡೆತಕ್ಕೆ ನಿಂತುಹೋಯಿತು. ಸ್ವರ್ಗವೇನಾಗಿರಲಿಲ್ಲ, ದಿನವೂ ತಕರಾರು. ಆದರೆ ರೇಟಿಂಗ್ ತಪ್ಪೆಂದು ಹೊಲಿಯುವವಳು ಹೇಳಿದರೆ ಅದನ್ನು ಕೇಳಲೇಬೇಕಾದ ಒಂದು ಮೇಜು ಇತ್ತು.

ನಮ್ಮಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿ ಇದರ ಒಂದು ತುಣುಕು ಇತ್ತು. ಜನರನ್ನು ಕಡಿತಗೊಳಿಸಬಹುದಾದಂಥ ವೈಚಾರೀಕರಣ (ರ‍್ಯಾಷನಲೈಸೇಶನ್, ಕೆಲಸದ ಮರುಜೋಡಣೆ), ಪ್ರಮಾಣೀಕರಣ ತರುವುದಾದರೆ 21 ದಿನ ಮೊದಲು ನೋಟಿಸ್ ಕೊಡಬೇಕು ಎಂದು. ಗಂಟೆಯ ಟಾರ್ಗೆಟ್ ಏರಿಸಿದರೆ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲವಲ್ಲ, ಆದ್ದರಿಂದ ಅದು ಸಲೀಸಾಗಿ ನುಸುಳಿಕೊಳ್ಳುತ್ತದೆ.

ಕಂದೀಲು

ಮುಂದಿನ ವಾರ ತರಗತಿಗೆ 47.5 ಟನ್ನಿನ ಜೊತೆ ಆ 75, ಶೇ 40 ಮತ್ತು ಕೆಲಸ ಕಳೆದುಕೊಂಡ ಹತ್ತು ಮಂದಿಯನ್ನೂ ಒಯ್ಯುತ್ತೇನೆ. ಬಾಬಿನ್ ಅವರ 30 ಸೆಕೆಂಡಿನ ಲೆಕ್ಕವನ್ನು ಪರೀಕ್ಷೆಗೇ ಕೊಡಬಹುದು: ರೇಟಿಂಗ್ 80, 90, 100 ಆದರೆ ಗಂಟೆಗೆ ಎಷ್ಟು ಪೀಸ್? ಈ ಮೂರರಲ್ಲಿ ಯಾವುದನ್ನು ಆರಿಸುತ್ತೀರಿ, ಯಾವ ಆಧಾರದ ಮೇಲೆ?

ಪೀಣ್ಯ 2ನೇ ಹಂತ

ಮೇಷ್ಟ್ರೇ, ಇನ್ನೊಂದು ಪ್ರಶ್ನೆ ಸೇರಿಸಿ. ನನ್ನ ಕೊಟೇಶನ್‌ನಲ್ಲಿ ದಣಿವಿನ ಪಾಲು ಶೇ 10. ಇದನ್ನು 15 ಮಾಡಿದರೆ ಬೆಲೆ ಏರುತ್ತದೆ, ಆರ್ಡರ್ ಕೊಯಮತ್ತೂರಿಗೆ ಹೋಗುತ್ತದೆ. ಆ ಐದು ಯಾರು ತೆರಬೇಕು?

ಬಾಬಿನ್

ಈಗ ನಿಮ್ಮ ಟರ್ನರ್ ತೆರುತ್ತಿದ್ದಾರೆ.